ಜಾಗತೀಕರಣದ ಕಾಲದಲ್ಲಿ ರಾಜತಾಂತ್ರಿಕತೆ ಹೇಗೆ ಬದಲಾಗಬೇಕು?

ದೇಶಗಳ ರಾಜತಾಂತ್ರಿಕ ಸಂಬಂಧಗಳಿಗೆ ನಿಯಮ ರೂಪಿಸಿದ 1961ರ ವಿಯೆನ್ನಾ ಒಪ್ಪಂದದ ಚೌಕಟ್ಟು ಸರ್ಕಾರ-ಸರ್ಕಾರಗಳ ನಡುವಿನದು. ಈಗ ಕಂಪನಿಗಳು, ನಾಗರಿಕ ಸಂಘಟನೆಗಳೂ ಪಾತ್ರಧಾರಿಗಳೇ. 1997ರ ನೆಲಬಾಂಬ್ ನಿಷೇಧ ಒಪ್ಪಂದಕ್ಕೆ ಒತ್ತಡ ತಂದದ್ದು ಇಂಥ ಸಂಘಟನೆಗಳು. ಡೆನ್ಮಾರ್ಕ್ 2017ರಲ್ಲಿ ತಂತ್ರಜ್ಞಾನ ಕ್ಷೇತ್ರಕ್ಕೆಂದೇ ರಾಯಭಾರಿಯನ್ನು ನೇಮಿಸಿತು.

ಆದರೆ ಎಡವಟ್ಟಾಗುವುದು ಹೆಚ್ಚಾಗಿ ಮನೆಯೊಳಗೇ. ಪರಿಸರ, ವಾಣಿಜ್ಯ, ಆರೋಗ್ಯ ಸಚಿವಾಲಯಗಳು ಹೊರದೇಶದವರ ಜತೆ ನೇರವಾಗಿ ವ್ಯವಹರಿಸುತ್ತವೆ, ರಾಯಭಾರ ಕಚೇರಿಗೆ ಸುದ್ದಿಯೇ ಇರುವುದಿಲ್ಲ. ಆಗ ಒಂದೇ ದೇಶ ಎರಡು ಕಡೆ ಎರಡು ಮಾತಾಡುತ್ತದೆ. ಮಾತುಕತೆಗೆ ಮೊದಲೇ ಎಲ್ಲ ಇಲಾಖೆಗಳು ಒಪ್ಪಿದ ಲಿಖಿತ ಸೂಚನೆ ಬೇಕು: ಯಾವುದನ್ನು ಬಿಡಲಾಗದು, ಯಾವುದಕ್ಕೆ ಬದಲಾಗಿ ಏನನ್ನು ಬಿಡಬಹುದು, ಕೊನೆಯ ಒಪ್ಪಿಗೆ ಯಾರದು. ವಿಷಯದಲ್ಲಿ ಪಳಗುವಷ್ಟರಲ್ಲಿ ಅಧಿಕಾರಿಯ ವರ್ಗಾವಣೆಯಾಗುವುದು ಇನ್ನೊಂದು ರೋಗ.

ಇನ್ನು ಟ್ವೀಟ್‌ಗಳು: ಬಹಿರಂಗವಾಗಿ ಪಟ್ಟು ಹಿಡಿದವರಿಗೆ ಹಿಂದೆ ಸರಿಯುವುದು ಕಷ್ಟ. ಕರಡು ಗುಟ್ಟಾಗಿರಲಿ, ಸಹಿಯಾದ ಒಪ್ಪಂದ ಬಯಲಿಗೆ ಬರಲಿ.