ಕಾಡು ಓದೋಕೆ ಎಲ್ಲಿಗೆ ಹೋಗಲಿ?

ಪ್ರಶ್ನೆ: ಶಿರಸಿಯಲ್ಲಿ ಬಿಎಸ್ಸಿ ಫಾರೆಸ್ಟ್ರಿ ಕೊನೆಯ ವರ್ಷ. ಬೆಂಕಿ, ಬರ, ಕಳೆ ಎಲ್ಲ ತಾಳಿಕೊಂಡು ಕಾಡು ಮತ್ತೆ ಹೇಗೆ ಚಿಗುರುತ್ತದೆ ಅನ್ನೋದರ ಮೇಲೆ ಸಂಶೋಧನೆ ಮಾಡುವಾಸೆ. ಮನೆಯಲ್ಲಿ ‘ಸುಮ್ನೆ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಪರೀಕ್ಷೆ ಬರಿ’ ಅಂತಾರೆ. ಎಲ್ಲಿ ಸೇರಲಿ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಎಲ್ಲಿ ಅನ್ನೋದು ಆಮೇಲಿನ ಮಾತು. ಯಾವ ಕಾಡಿನ ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ? ಅದನ್ನು ಒಂದು ಸಾಲಲ್ಲಿ ಬರೆಯಿರಿ. ‘ಹವಾಮಾನ ಬದಲಾವಣೆ ಮತ್ತು ಪಶ್ಚಿಮ ಘಟ್ಟ’ ಅಂತ ಬರೆದರೆ ಯಾವ ಗೈಡೂ ಎರಡನೇ ಸಾಲು ಓದಲ್ಲ.

ನಿಮ್ಮೂರ ಸುತ್ತಲೇ ಸೊಪ್ಪಿನಬೆಟ್ಟಗಳಿವೆ. ಅಡಿಕೆ ತೋಟಕ್ಕೆಂದು ತಲೆಮಾರುಗಳಿಂದ ಸೊಪ್ಪು ಕಡಿದ ಬೆಟ್ಟದಲ್ಲಿ ಹೊಸ ಸಸಿ ಏಳುತ್ತಿವೆಯಾ? ಎಂಎಸ್ಸಿಗೆ ಇಷ್ಟು ಸಾಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ‘ತರಗು ಬೆಂಕಿ’, ಅಂದರೆ ಒಣ ತರಗೆಲೆಗೆ ಸಣ್ಣ ಬೆಂಕಿ, ಹಾಕುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಕಳೆ ಜಾಸ್ತಿಯಾಯಿತು ಅನ್ನೋದು ಅವರ ಮಾತು. ಇದನ್ನು ಅಳೆದು ನೋಡಲು ಹೊರಟರೆ ಪಿಎಚ್‌ಡಿಯೇ ಆಗುತ್ತದೆ.

ಈಗ ಜಾಗ. ಫಾರೆಸ್ಟ್ರಿ ಎಂಎಸ್ಸಿ ಶಿರಸಿ, ಪೊನ್ನಂಪೇಟೆಯಲ್ಲೇ ಇದೆ. ಹೊರಗೆ ಹೋಗೋದಾದರೆ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ವನ್ಯಜೀವಿ ಎಂಎಸ್ಸಿಗೆ ಎರಡು ವರ್ಷಕ್ಕೊಮ್ಮೆ ಪ್ರವೇಶ, ತಪ್ಪಿದರೆ ಕಾಯಬೇಕು. ಪಿಎಚ್‌ಡಿಗೆ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ, ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಎರಡೂ ಒಳ್ಳೆಯವು. ನೆಟ್ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಮನೆಯವರಿಗೆ ಇದನ್ನು ಮೊದಲು ಹೇಳಿ! ಆರ್‌ಎಫ್‌ಒ ಪರೀಕ್ಷೆಯನ್ನೂ ಬರೆಯಿರಿ, ತಪ್ಪೇನಿಲ್ಲ.

ಆದರೆ ಈ ಕೆಲಸ ನಿಮಗೆ ಒಗ್ಗುತ್ತಾ, ಅದನ್ನು ಕಾಡಲ್ಲೇ ನೋಡಬೇಕು. ಮುದುಮಲೆಯಲ್ಲಿ 1988ರಿಂದ 50 ಹೆಕ್ಟೇರ್ ಕಾಡನ್ನು ಐಐಎಸ್‌ಸಿಯವರು ಅಳೆಯುತ್ತಾ ಬಂದಿದ್ದಾರೆ. ಒಂದು ಸೆಂಟಿಮೀಟರ್ ದಪ್ಪದ ಗಿಡಕ್ಕೂ ನಂಬರ್ ಇದೆ. ಎದೆಮಟ್ಟದಲ್ಲಿ ಟೇಪ್ ಸುತ್ತೋದು ಸುಲಭ ಅನ್ನಿಸುತ್ತೆ, ಅಲ್ವಾ? ಎಷ್ಟೋ ಮರ ವರ್ಷಕ್ಕೆ ದಪ್ಪವಾಗೋದು ಕೆಲವೇ ಮಿಲಿಮೀಟರ್. ಟೇಪಿನಡಿ ಒಂದು ಬಳ್ಳಿ ಸಿಕ್ಕಿಕೊಂಡರೆ ಐದು ವರ್ಷದ ಬೆಳವಣಿಗೆ ಒಂದೇ ದಿನಕ್ಕೆ ಬಂದುಬಿಡುತ್ತದೆ.

ಅದಕ್ಕೇ, ಅರ್ಜಿ ಹಾಕುವ ಮುಂಚೆ ಒಂದು ಮಳೆಗಾಲ ಯಾರದಾದರೂ ಪ್ರಾಜೆಕ್ಟ್‌ನಲ್ಲಿ ಫೀಲ್ಡ್ ಕೆಲಸ ಮಾಡಿ. ಶಿರಸಿಯವರಿಗೆ ಉಂಬಳ (ಜಿಗಣೆ) ಹೊಸದಲ್ಲ ಬಿಡಿ. ಒಂದು ಕೈಯಲ್ಲಿ ಅದನ್ನು ಕೀಳುತ್ತಾ, ಇನ್ನೊಂದರಲ್ಲಿ ಒದ್ದೆ ಹಾಳೆಯ ಮೇಲೆ ಅಂಕಿ ತಪ್ಪದಂತೆ ಬರೆಯೋದು ಬಂದರೆ, ಆಗ ಗೈಡ್‌ಗೆ ಮೇಲ್ ಹಾಕಿ.