ಪ್ರತಿಕ್ರಿಯೆ: ಪಣಂಬೂರು ಟ್ಯಾಂಕರ್ ಡ್ರೈವರ್ ಕೆಲಸ, ಹೋಗ್ಬಹುದಾ?

ನೀವು ಹಾಕಿದ ಜಾಹೀರಾತು ನೋಡಿದೆ ಮಾರಾಯ್ರೆ, "ಪಣಂಬೂರಿಂದ ಬೆಂಗ್ಳೂರಿಗೆ ಗ್ಯಾಸ್ ಟ್ಯಾಂಕರ್, ಸಂಬಳ 60,000 ವರೆಗೆ, ಅನುಭವ ಬೇಡ, 2,500 ರಿಜಿಸ್ಟ್ರೇಶನ್, ಒರಿಜಿನಲ್ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ತನ್ನಿ" ಅಂತ. ಹೋಗ್ಬೇಡಿ. ಮೋಸ ಅನ್ಲಿಕ್ಕೆ ದುಡ್ಡು ಕೇಳಿದ್ದು ಒಂದೇ ಸಾಕು ನಂಗೆ, ಆದ್ರೆ ಅದಕ್ಕಿಂತ ದೊಡ್ಡ ತಮಾಷೆ ಅನುಭವ ಬೇಡ ಅನ್ನುದು, ಗ್ಯಾಸ್ ಟ್ಯಾಂಕರ್ ಓಡಿಸ್ಲಿಕ್ಕೆ ಹಜಾರ್ಡಸ್ (ಅಪಾಯಕಾರಿ ಸರಕು ಸಾಗಿಸುವ) ಟ್ರೈನಿಂಗ್ ಮಾಡಿ ಲೈಸೆನ್ಸಲ್ಲಿ ಅದರ ನಮೂದು, ಅಂದ್ರೆ ಎಂಡಾರ್ಸ್‌ಮೆಂಟ್ ಹಾಕಿಸ್ಬೇಕು, ಅದರ ಬಗ್ಗೆ ಒಂದಕ್ಷರ ಇಲ್ಲ ಅಂದ್ರೆ ಒಂದೋ ಅವ್ರತ್ರ ಗಾಡಿಯೇ ಇಲ್ಲ, ಇಲ್ಲದಿದ್ರೆ ದಾರಿಯ ಶಿರಾಡಿ ಘಾಟಿಯಲ್ಲಿ ಎಂತಾದ್ರೂ ಆದ್ರೆ ನಿಮ್ಮ ತಲೆಗೆ ಕಟ್ತಾರೆ.

ಸಂಬಳದ ಆ "ವರೆಗೆ" ಸಹ ನೋಡಿ. ಫಿಕ್ಸೆಡ್ ಎಷ್ಟು, ಟ್ರಿಪ್ ಭತ್ಯೆ ಎಷ್ಟು, ಟೋಲ್ ಯಾರದ್ದು, ಡ್ಯಾಮೇಜ್ ಆದ್ರೆ ಸಂಬಳದಲ್ಲಿ ಹಿಡೀತಾರಾ ಕೇಳಿ. ಕಾನೂನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಅಂತ ಉಂಟು (ಯಾರು ಪಾಲಿಸ್ತಾರೆ ಬಿಡಿ).

ಒರಿಜಿನಲ್ ಡಿಎಲ್ ತೋರ್ಸಿ, ಕೊಡ್ಬೇಡಿ. ನಾನು ಒಮ್ಮೆ ಒಬ್ರತ್ರ ಕೊಟ್ಟು, ಕೆಲಸ ಬಿಟ್ಮೇಲೆ ಅದು ವಾಪಸ್ ಸಿಗ್ಲಿಕ್ಕೆ ಎರಡು ತಿಂಗ್ಳು ಬೈಕಂಪಾಡಿಗೆ ಅಲೆದಿದ್ದೇನೆ. ಬರೀ ವಾಟ್ಸಾಪ್ ನಂಬರ್ ಇದ್ರೆ ಆಫೀಸ್ ಎಲ್ಲಿ ಕೇಳಿ, ಹೋಗಿ ಯಾರ್ಡಲ್ಲಿ ನಿಂತ ಡ್ರೈವರ್‌ಗಳತ್ರ ಹೋದ ತಿಂಗ್ಳ ಸಂಬಳ ಬಂತಾ ಅಂತ ವಿಚಾರಿಸಿ, ಒಂದು ಚಾ ಕುಡಿಸಿದ್ರೆ ಎಲ್ಲ ಹೇಳ್ತಾರೆ.