ಎರಿ ಬಾಗಿಲಿಗೆ ನೇರಕ್ಕೋ, ಅಡ್ಡಕ್ಕೋ?

ಪ್ರಶ್ನೆ: ನಮ್ಮೂರ ಆಚಾರಿ ತುಡುವೆ ಜೇನಿಗೆ ಎರಡು ಪೆಟ್ಟಿಗೆ ಮಾಡಿಕೊಟ್ಟರು. ಒಂದರಲ್ಲಿ, ನೊಣ ಮೇಣದ ಎರಿ ಕಟ್ಟುವ ಮರದ ಚೌಕಟ್ಟುಗಳ ತುದಿ ಬಾಗಿಲಿನ ಕಡೆಗಿದೆ. ಇನ್ನೊಂದರಲ್ಲಿ ಬಾಗಿಲನ್ನು ಪಕ್ಕದ ಹಲಗೆಗೆ ಕೊರೆದಿದ್ದಾರೆ. ಒಳಗೆ ಹೋದರೆ ಮೊದಲ ಎರಿಯೇ ಗೋಡೆ ಥರ ಅಡ್ಡ. ಜೇನು ಕುಟುಂಬ ಕೂರಿಸಿ ಎರಡು ತಿಂಗಳಾಯಿತು. ಬದಲಿಸಬೇಕೇ?
– ಓದುಗರೊಬ್ಬರು, ಸುಳ್ಯ ತಾಲೂಕು

ಉತ್ತರ: ಬೇಡ. ಆಚಾರಿಯನ್ನು ಬೈಯಲೂ ಬೇಡಿ. ಪೊಟರೆಯಲ್ಲೋ ಹುತ್ತದಲ್ಲೋ ತುಡುವೆ ಎರಿ ಕಟ್ಟುವಾಗ ಬಾಗಿಲಿಗೆ ನೇರವೂ ಇರುತ್ತದೆ, ಅಡ್ಡವೂ ಇರುತ್ತದೆ, ಓರೆಯೂ ಇರುತ್ತದೆ.

ಇಂಗ್ಲೆಂಡಿನವರು ನೇರಕ್ಕಿದ್ದರೆ ‘ತಂಪು’, ಅಡ್ಡಕ್ಕಿದ್ದರೆ ‘ಬೆಚ್ಚಗೆ’ ಅನ್ನುತ್ತಾರೆ. ಅವರ ‘ನ್ಯಾಷನಲ್’ ಅನ್ನುವ ಜೇನುಪೆಟ್ಟಿಗೆ ಚಚ್ಚೌಕ. ಅಡಿಮಣೆಯ ಮೇಲೆ ತಿರುಗಿಸಿಟ್ಟರೆ ಮುಗಿಯಿತು. ನಮಗೆ ಆ ಚಳಿಯ ಚಿಂತೆ ಇಲ್ಲ, ಸೆಕೆಯದ್ದೇ ಚಿಂತೆ. ತುಡುವೆ ನೊಣ ಬಾಗಿಲಲ್ಲಿ ತಲೆ ಹೊರಗೆ ಮಾಡಿ ನಿಂತು ರೆಕ್ಕೆ ಬೀಸಿ ಗಾಳಿಯನ್ನು ಒಳಗೆ ತಳ್ಳುತ್ತದೆ. ಯುರೋಪಿನ ಮೆಲ್ಲಿಫೆರಾ ಜೇನು ಇದಕ್ಕೆ ಉಲ್ಟಾ, ತಲೆ ಒಳಗೆ ಮಾಡಿ ಗಾಳಿ ಹೊರಗೆ ಹಾಕುತ್ತದೆ. ಎರಿ ನೇರಕ್ಕಿದ್ದರೆ ಆ ಗಾಳಿ ಓಣಿಯಲ್ಲಿ ಹೋದ ಹಾಗೆ ಸೀದಾ ಹಿಂದಿನವರೆಗೆ ಹೋಗುತ್ತದೆ. ಹೊಸದಾಗಿ ಮಾಡಿಸುವುದಾದರೆ ನಾನು ನೇರಕ್ಕೇ ಮಾಡಿಸುತ್ತೇನೆ.

ಆದರೆ ನಿಜವಾದ ತೊಂದರೆ ಬೇರೆ. ಮಳೆನೀರು ಒಳಗೆ ನಿಲ್ಲಬಾರದು ಅಂತ ನಾವೆಲ್ಲ ಪೆಟ್ಟಿಗೆಯನ್ನು ಬಾಗಿಲ ಕಡೆಗೆ ಸ್ವಲ್ಪ ವಾಲಿಸುತ್ತೇವೆ, ಅಲ್ವಾ? ಚೌಕಟ್ಟು ನೇರಕ್ಕಿದ್ದರೆ ಏನೂ ಆಗದು. ಅಡ್ಡಕ್ಕಿದ್ದರೆ ಚೌಕಟ್ಟೇ ಮುಂದಕ್ಕೆ ವಾಲುತ್ತದೆ. ನೊಣ ಮಾತ್ರ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗೆ ಕಟ್ಟುತ್ತದೆ. ಎರಿಯ ಬುಡ ಚೌಕಟ್ಟಿನಿಂದ ಹೊರಗೆ ಹೋಗಿ ಪಕ್ಕದ ಎರಿಗೆ ಅಂಟುತ್ತದೆ.

ನಾನು ಹೀಗೇ ಕೆಟ್ಟಿದ್ದೇನೆ. ಒಂದು ಮಳೆಗಾಲ ಅಡ್ಡ ಪೆಟ್ಟಿಗೆಯ ಹಿಂದಿನ ಕಾಲಿಗೆ ಹೆಂಚಿನ ಚೂರು ಕೊಟ್ಟು ಮರೆತೆ. ತೆಂಗಿನ ಹೂವಿಗೆ ನೊಣ ಜೋರಾಗಿ ಹೋಗುತ್ತಿದ್ದಾಗ ಮುಚ್ಚಳ ತೆಗೆದರೆ, ಒಂದು ಚೌಕಟ್ಟು ಎತ್ತಿದ ಕೂಡಲೇ ಮೂರು ಬಂದವು. ಮರಿ ಇದ್ದ ಎರಿ ಹರಿದು ಬಿತ್ತು. ಬಾಳೆನಾರಿನಲ್ಲಿ ಕಟ್ಟಿ ಕೂರಿಸುವಷ್ಟರಲ್ಲಿ ಮುಖ ಊದಿ ಕುಂಬಳಕಾಯಿ. ಮನೆಯವಳು ನಕ್ಕಿದ್ದು ಈಗಲೂ ನೆನಪಿದೆ.

ಹಾಗಾಗಿ ನಿಮ್ಮ ಅಡ್ಡ ಪೆಟ್ಟಿಗೆಯನ್ನು ರಸಮಟ್ಟ ಇಟ್ಟು ಸಮ ಮಾಡಿ. ನೀರು ಬಾರದಂತೆ ಮುಚ್ಚಳದ ಮೇಲೆ ಅಡಿಕೆ ಹಾಳೆ ಕಟ್ಟಿ, ಬಾಗಿಲಿನ ಮುಂದೆ ಅಂಗೈ ಅಗಲ ಚಾಚಿಕೊಂಡಿರಲಿ. ಅಡ್ಡ ಪೆಟ್ಟಿಗೆಗೆ ಒಂದು ಲಾಭವೂ ಇದೆ. ಹಿಂದೆ ನಿಂತೇ ಒಂದೊಂದಾಗಿ ಎರಿ ಎತ್ತಬಹುದು, ನೊಣದ ದಾರಿಗೆ ಅಡ್ಡ ಬರುವುದಿಲ್ಲ. ಮೇಲಿನ ಜೇನು ಕೋಣೆ ಇಡುವ ಮೊದಲು ಒಮ್ಮೆ ಕೆಳಗಿನ ಎರಿಗಳನ್ನು ಎತ್ತಿ ನೋಡಿ, ಅಂಟಿದ್ದರೆ ಈಗಲೇ ಚಾಕುವಿನಿಂದ ಬಿಡಿಸಿ.